ಹದಿನೇಳನೆಯ ಮಳಿಗೆಯ ಹೊಟ್ಟಿನ ಒಲೆ

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಮೇಲೆ ವಿಶ್ವವಿದ್ಯಾಲಯದ ಒಂದು ಸಣ್ಣ ಕೇಂದ್ರವಿದೆ. ಅದರ ಹಸಿರು ಆವರಣ ಸಮಿತಿಯಲ್ಲಿ ನಾನು ಸಾರ್ವಜನಿಕರ ಪ್ರತಿನಿಧಿ. ಸಾರ್ವಜನಿಕರು ನನ್ನನ್ನು ಆರಿಸಿದ್ದಲ್ಲ. ಅವರಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ನಿವೃತ್ತನಾಗಿದ್ದೇನೆ, ಹೊತ್ತು ಇದೆ, ಕರೆದರೆ ಬರುತ್ತೇನೆ ಎಂಬ ಮೂರು ಅರ್ಹತೆಗಳ ಮೇಲೆ ಆದ ನೇಮಕ ಅದು. ಅದಕ್ಕೆ ಮುಂಚೆ ಮೂವತ್ತೊಂದು ವರ್ಷ ಕಾಗದದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ನಡುವಿನ ಎಂಟು ಗಂಟೆ ಅವರು ಏನು ಮಾಡಿದರು ಎಂಬುದು ಬೇರೆ ಇಲಾಖೆಯ ವಿಚಾರ.

ಕೇಂದ್ರದ ಗೇಟು ದಾಟಿದ ಕೂಡಲೇ ಎಡಕ್ಕೆ, ಕಾಂಪೌಂಡಿಗೆ ತಾಗಿ ಒಂದು ಹುಣಸೆ ಮರವಿದೆ. ಅದರ ಕೆಳಗೆ ಖಾಲಾ ಚಹಾ ಮಾಡುತ್ತಾಳೆ. ಖಾಲಾ ಎಂದರೆ ತಾಯಿಯ ತಂಗಿ. ಆಕೆ ನನಗಿಂತ ಹತ್ತು ವರ್ಷ ಚಿಕ್ಕವಳು. ಆದರೆ ವಿದ್ಯಾರ್ಥಿಗಳೆಲ್ಲ ಹಾಗೆ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ಹೀಗಾಗಿ ಅರವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಹೊಸದಾಗಿ ಒಬ್ಬ ಚಿಕ್ಕಮ್ಮ ದೊರಕಿದ್ದಾಳೆ. ಆಕೆಯ ಗಂಡ ನಮ್ಮ ಕಾರ್ಖಾನೆಯಲ್ಲೇ ಬಾಯ್ಲರ್ ಹೌಸಿನಲ್ಲಿದ್ದವನು. ಈಗ ಎರಡೂ ಮೊಣಕಾಲು ಕೈಕೊಟ್ಟು ಮನೆಯಲ್ಲಿದ್ದಾನೆ. ಮನೆ ನಡೆಯುವುದು ಹುಣಸೆ ಮರದ ಕೆಳಗಿನ ಚಹಾದ ಮೇಲೆ. ಬೆಳಿಗ್ಗೆ ಏಳೂವರೆಗೆ ಒಲೆ ಹೊತ್ತಿತೆಂದರೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅದು ತಾನೇ ಮುಗಿಯುತ್ತದೆ. ಒಲೆಯ ಜೊತೆಗೆ ಆಕೆಯ ದಿನದ ವ್ಯಾಪಾರವೂ ಮುಗಿಯುತ್ತದೆ.

ಒಲೆ ತಾನೇ ಮುಗಿಯುತ್ತದೆ ಎಂಬುದನ್ನು ವಿವರಿಸಬೇಕು. ಅದು ಹೊಟ್ಟಿನ ಒಲೆ. ಖಾಲಿ ಎಣ್ಣೆ ಡಬ್ಬಿಯ ಮೇಲ್ಭಾಗ ಕತ್ತರಿಸಿ, ಬುಡದ ಬದಿಗೆ ಮುಷ್ಟಿ ಹಿಡಿಯುವಷ್ಟು ತೂತು ಮಾಡುತ್ತಾರೆ. ತೂತಿನೊಳಗೆ ಒಂದು ದುಂಡನೆಯ ಕೋಲು ಅಡ್ಡ, ಅದಕ್ಕೆ ತಾಗಿ ಡಬ್ಬಿಯ ನಡುವೆ ಇನ್ನೊಂದು ಕೋಲು ನೆಟ್ಟಗೆ. ಸುತ್ತಲೂ ಸಾಮಿಲ್ಲಿನಿಂದ ತಂದ ಮರದ ಹೊಟ್ಟನ್ನು ತುಂಬಿ ತುಂಬಿ ಗುದ್ದುತ್ತಾರೆ. ಆಮೇಲೆ ಎರಡೂ ಕೋಲುಗಳನ್ನು ಮೆಲ್ಲಗೆ ತಿರುವುತ್ತ ಹೊರಗೆಳೆದರೆ ಒಳಗೆ ಗಾಳಿಯ ದಾರಿ ಉಳಿಯುತ್ತದೆ. ಕೆಳಗಿನ ತೂತಿಗೆ ಒಂದು ಚೂರು ಕಾಗದ ಹಚ್ಚಿ ತಳ್ಳಿದರಾಯಿತು. ಮೊದಲ ಹತ್ತು ಹನ್ನೆರಡು ನಿಮಿಷ ಹೊಗೆ. ಆಮೇಲೆ ಹೊಟ್ಟು ಒಳಗಿನಿಂದ ಹೊರಕ್ಕೆ ಸುಡುತ್ತ ಹೋಗುತ್ತದೆ. ಹೊಗೆಯಿಲ್ಲ, ಊದುವುದು ಬೇಡ, ಕಟ್ಟಿಗೆ ನೂಕುವುದು ಬೇಡ. ಹಚ್ಚಿ ನಾಲ್ಕೂವರೆ ತಾಸಾಗುವ ಹೊತ್ತಿಗೆ ಹೊಟ್ಟಿನ ಗೋಡೆ ತೆಳ್ಳಗಾಗಿ ಒಳಗೇ ಕುಸಿದು ಆರೇಳು ನಿಮಿಷ ಕೊನೆಯ ಹೊಗೆ ಬಿಟ್ಟು ಬೂದಿಯಾಗುತ್ತದೆ. ನಡುವೆ ಆರಿಸಿದರೆ ಮತ್ತೆ ಸರಿಯಾಗಿ ಹೊತ್ತುವುದಿಲ್ಲ. ಅಲುಗಿಸಿದರೆ ಕುಸಿಯುತ್ತದೆ. ಕಾರ್ಖಾನೆಯ ಸುತ್ತಲ ಚಾಳುಗಳಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಇದೇ ಒಲೆ. ಒಂದು ಡಬ್ಬಿ ಹೊಟ್ಟು ಅಂದರೆ ಅರ್ಧ ಪಾಳಿಯ ಬೆಂಕಿ ಎಂದು ಹೆಂಗಸರಿಗೆಲ್ಲ ಗೊತ್ತಿತ್ತು. ಅದರಲ್ಲಿ ಅಂಥ ವಿಶೇಷವೇನೂ ಇಲ್ಲವೆಂದು ನಾವೆಲ್ಲ ತಿಳಿದಿದ್ದೆವು.

ಕೇಂದ್ರದಲ್ಲಿ ಸುಸ್ಥಿರತೆಯ ಕುರಿತು ಸಾರ್ವಜನಿಕ ಪ್ರದರ್ಶನ ದಿನ ನಡೆಸುವುದೆಂದು ತೀರ್ಮಾನವಾದಾಗ ಸಮಿತಿಯ ಸಭೆ ಕರೆದರು. ಅಂದು ವಿಶ್ವವಿದ್ಯಾಲಯದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಪರಿಸರಕ್ಕೆ ಒಳ್ಳೆಯದಾಗುವ ಉಪಾಯಗಳನ್ನು ವಿದ್ಯಾರ್ಥಿಗಳು ಮಾಡಿ ತೋರಿಸುತ್ತಾರೆ ಎಂದರು. ಸಂತೋಷವಾಯಿತು. ಪ್ರದರ್ಶನದ ನೆನಪಿಗೆ ಆವರಣವನ್ನು ಧೂಮರಹಿತವೆಂದು ಘೋಷಿಸುವ ಠರಾವು ಮುಂದಿಟ್ಟರು. ಯಾವುದೇ ಮೂಲದಿಂದ ಆವರಣದೊಳಗೆ ಹೊಗೆ ಏಳತಕ್ಕದ್ದಲ್ಲ ಎಂದಿತ್ತು. ನಾನು ದಿನಾಂಕ ನೋಡಿದೆ, ಸಭೆ ಶುರುವಾದ ಸಮಯ ನೋಡಿದೆ, ಹಾಜರಿದ್ದವರ ಸಂಖ್ಯೆ ಎಣಿಸಿ ನೋಡಿದೆ. ಎಲ್ಲ ಸರಿಯಿತ್ತು. ಸಹಿ ಮಾಡಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಚಹಾಕ್ಕೆ ಹೋದರೆ ಖಾಲಾಳ ಕೈಯಲ್ಲಿ ಠರಾವಿನ ಪ್ರತಿ ಇತ್ತು. ಕಾವಲುಗಾರ ಓದಿ ಹೇಳಿದ್ದನಂತೆ. ಪ್ರದರ್ಶನ ಮುಗಿದ ಮರು ಸೋಮವಾರದಿಂದ ಆಕೆ ಒಲೆಯನ್ನು ರಸ್ತೆಯ ಆಚೆ, ಮೋರಿಯ ಹತ್ತಿರ ಇಟ್ಟುಕೊಳ್ಳಬೇಕು. ಒಂದು ಕ್ಲಾಸಿಗೂ ಇನ್ನೊಂದು ಕ್ಲಾಸಿಗೂ ನಡುವೆ ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಬಿಡುವು. ಮೋರಿಗೆ ಹೋಗಿ ಬರುವುದಕ್ಕೇ ಹತ್ತು ನಿಮಿಷ ಬೇಕು. ಅಲ್ಲಿ ಆಕೆಯ ಚಹಾ ಕುಡಿಯುವವರು ಯಾರೂ ಇರುವುದಿಲ್ಲವೆಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಈ ಸಹಿ ನಿಮ್ದ ಐತೇನ್ರಿ ಟೈಮ್ ಸಾಹೇಬ್ರ?"

"ನಂದ ಐತಿ. ಬೀಡಿ ಸಿಗರೇಟಿಗೆ ಅಂತ ತಿಳಕೊಂಡಿದ್ದೆ ಖಾಲಾ."

"ನಾ ಬೀಡಿ ಸೇದೂದಿಲ್ರಿ."

"ಗೊತ್ತೈತಿ."

"ಹಂಗಾರ ನನ್ನ ಯಾಕ ಆರಿಸಿದ್ರಿ?"

ಆಕೆ ಲೋಟಕ್ಕೆ ಚಹಾ ಸೋಸುತ್ತ ಮುಂದುವರಿಸಿದಳು. "ರಾತ್ರಿ ನಮ್ಮ ಮನಿಯವರಿಗೆ ಹೇಳಿದೆ. ಅವರು ನಕ್ಕರ್ರಿ. ಎರಡ ನಿಮಿಷ ತಡಾ ಆತಂತ ನನ್ನ ಗೇಟಿನ ಹೊರಗ ನಿಂದರಿಸಿದ ಮನಶಾ ಆಂವ, ನಿನ್ನ ಒಳಗ ಇಟ್ಕೋತಾನೇನು ಅಂದ್ರು."

ನನಗೆ ಆ ದಿನ ನೆನಪಿತ್ತು. ಎರಡಲ್ಲ, ಮೂರು ನಿಮಿಷ. ಅದನ್ನು ತಿದ್ದುವ ಸಂದರ್ಭ ಇದಲ್ಲವೆಂದು ಚಹಾ ಕುಡಿದೆ. ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತು, ಅದನ್ನೂ ಹೇಳಲಿಲ್ಲ.

ಪ್ರದರ್ಶನದ ಸಂಚಾಲಕಿ ಮುಂಡಗೋಡದ ಕಡೆಯ ಒಬ್ಬ ಎಳೆಯ ಅಧ್ಯಾಪಕಿ. ಕೇಂದ್ರದಲ್ಲಿ ಎಲ್ಲರೂ ಮೇಡಂ ಎನ್ನುವುದು ಆಕೆಗೇ. ನಾನು ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಪಾಸಾದ ಠರಾವನ್ನು ರದ್ದು ಮಾಡುವುದು ತಮ್ಮಿಂದಾಗದು ಎಂದರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿ, ಪ್ರದರ್ಶನದ ನಿಯಮಾವಳಿಯಲ್ಲಿ ಒಂದು ಕಲಮು ತೋರಿಸಿದರು. ತೀರ್ಪುಗಾರರು ಮೆಚ್ಚಿದ ಯಾವುದೇ ಮಾದರಿಯನ್ನು ಆವರಣದಲ್ಲಿ ಶಾಶ್ವತವಾಗಿ ಇರಿಸಿಕೊಳ್ಳಬಹುದು.

"ಖಾಲಾನ ಒಲಿ ಒಂದು ಮಾದರಿ ಅಂತ ಹಾಕೂಣು ಸರ್. ಆದ್ರ ಅದು ಹೊಗಿ ಬಿಡಬಾರದು. ಬಿಡ್ತದೇನು?"

"ಹಚ್ಚಿದಾಗ ಹತ್ತು ಹನ್ನೆರಡು ನಿಮಿಷ ಬಿಡ್ತದ. ಆಮ್ಯಾಲ ನಾಲ್ಕ ತಾಸು ಇಲ್ಲ."

"ಹಂಗಾರ ಮುಖ್ಯ ಅತಿಥಿಗಳು ಆ ನಾಲ್ಕ ತಾಸಿನಾಗ ಬಂದ್ರಾತು."

ತೀರ್ಪುಗಾರರು ಮೂವರು: ಹೊರಗಿನಿಂದ ಬರುವ ಮುಖ್ಯ ಅತಿಥಿಗಳು, ಕೇಂದ್ರದ ನಿರ್ದೇಶಕರು, ಸಾರ್ವಜನಿಕರ ಪ್ರತಿನಿಧಿಯಾದ ನಾನು. ಅತಿಥಿಗಳು ಸುಸ್ಥಿರತೆಯಲ್ಲಿ ದೊಡ್ಡ ತಜ್ಞರು. ನಾಲ್ಕು ತಾಸು ಅಂದರೆ ಎಂಥ ತಜ್ಞರಿಗೂ ಸಾಕೆಂದು ನಮಗಿಬ್ಬರಿಗೂ ಅನಿಸಿತು.

ಖಾಲಾಳ ಒಲೆಗೆ ಹದಿನೇಳನೆಯ ಮಳಿಗೆ ಸಿಕ್ಕಿತು. ಮಳಿಗೆ ಎಂದರೆ ಅದೇ ಹುಣಸೆ ಮರ. ಸುತ್ತಲೂ ಸುಣ್ಣದ ಗೆರೆ ಎಳೆದಿದ್ದರು. ಮೇಡಂ ಒಂದು ದೊಡ್ಡ ಹಾಳೆಯಲ್ಲಿ ಚಿತ್ರ ಬಿಡಿಸಿ, 'ತ್ಯಾಜ್ಯ ಮರದ ಹೊಟ್ಟು ಆಧಾರಿತ ನಿರಂತರ ದಹನ ವ್ಯವಸ್ಥೆ' ಎಂದು ತಲೆಬರಹ ಕೊಟ್ಟು, ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಂದೆಲ್ಲ ಬರೆದು ಮರಕ್ಕೆ ಕಟ್ಟಿದರು. ಖಾಲಾ ನನ್ನನ್ನು ಕರೆದು ಓದಿಸಿದಳು.

"ಇದು ಯಾರ ಹೆಸರ್ರಿ ಇಷ್ಟ ಉದ್ದ?"

"ನಿಮ್ಮ ಒಲಿದು."

"ನಲವತ್ತ ವರ್ಷ ಆತ್ರಿ, ಒಂದ ಸಲಾನೂ ಹೇಳಿಲ್ಲ ನೋಡ್ರಿ ಅದು ನನಗ."

ಪ್ರದರ್ಶನದ ದಿನ ಆಕೆ ಚಹಾ ಮಾರುವಂತಿರಲಿಲ್ಲ. ಪ್ರದರ್ಶಿಸಿದ ವಸ್ತುವಿನಿಂದ ವ್ಯಾಪಾರ ಮಾಡಬಾರದೆಂದು ನಿಯಮಾವಳಿಯಲ್ಲಿತ್ತು. ಆದ್ದರಿಂದ ಪಾತ್ರೆಯಲ್ಲಿ ಬರೀ ನೀರು ಕುದಿಯಬೇಕು. ಇನ್ನು ಉಳಿದದ್ದು ಒಲೆ ಎಷ್ಟು ಗಂಟೆಗೆ ಹಚ್ಚಬೇಕೆಂಬ ಪ್ರಶ್ನೆ. ಅದನ್ನು ಎಲ್ಲರೂ ನನಗೆ ಬಿಟ್ಟರು. ಸಮಯದ ವಿಚಾರದಲ್ಲಿ ಊರಿನಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆಯಿದೆ, ಅಥವಾ ಅಂದಿನವರೆಗೆ ಇತ್ತು.

ಆಮಂತ್ರಣ ಪತ್ರಿಕೆಯಲ್ಲಿ 'ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ' ಎಂದು ಅಚ್ಚಾಗಿತ್ತು. ನಾನು ಅದನ್ನು ನಂಬಿದೆ. ಹೊರಗಿನವರಿಗೆ ಇದು ಹುಚ್ಚಾಗಿ ಕಾಣಬಹುದು. ಆದರೆ ನಾವು ಕಾರ್ಖಾನೆಯ ಭೋಂಗಾ ಕೇಳುತ್ತ ಬೆಳೆದವರು. ಆ ಭೋಂಗಾ ಕೂಗಿದಾಗ ಊರು ಗಡಿಯಾರ ತಿದ್ದಿಕೊಳ್ಳುತ್ತಿತ್ತು, ಹಾಲು ಕಾಯುತ್ತಿತ್ತು, ಮಕ್ಕಳು ಏಳುತ್ತಿದ್ದರು. ಅದು ತಡವಾಯಿತೆಂದು ಯಾರೂ ಕೇಳಿದ್ದಿಲ್ಲ. ಅಂಥ ಊರಿನಲ್ಲಿ ಮೂವತ್ತೊಂದು ವರ್ಷ ಹಾಜರಿ ನೋಡಿದವನಿಗೆ ಅಚ್ಚಾದ ಸಮಯದ ಮೇಲೆ ಒಂದು ಮೂಢನಂಬಿಕೆ ಉಳಿದುಬಿಡುತ್ತದೆ. ಒಂಬತ್ತು ನಲವತ್ತಕ್ಕೆ ಹಚ್ಚಿದರೆ ಹತ್ತರೊಳಗೆ ಹೊಗೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ಹೇಳಿದೆ.

"ದೊಡ್ಡ ಮಂದಿ ಟೈಮಿಗೆ ಬರತಾರೇನ್ರಿ?" ಎಂದಳು ಖಾಲಾ. "ಕಾರು ಗೇಟಿನಾಗ ಬಂದ ಮ್ಯಾಲ ಹಚ್ಚೂಣು."

"ಆಗ ಹಚ್ಚಿದ್ರ ಹೊಗಿ ನೆಟ್ಟಗ ಅವರ ಮಾರಿಗೆ ಹೊಡೀತೈತಿ. ಕಾರ್ಡಿನಾಗ ಸರಿಯಾಗಿ ಅಂತ ಬರದೈತಿ ಖಾಲಾ."

"ಬರದೈತಿ, ಖರೆ," ಎಂದು ಆಕೆ ಡಬ್ಬಿಯ ಕಡೆ ತಿರುಗಿದಳು.

ಒಂಬತ್ತು ನಲವತ್ತಕ್ಕೆ ಹಚ್ಚಿದಳು. ಒಂಬತ್ತು ಐವತ್ತೆರಡಕ್ಕೆ ಹೊಗೆ ನಿಂತಿತು. ಹಳೆಯ ಚಾಳಿಯಂತೆ ಎರಡನ್ನೂ ಜೇಬಿನ ಡೈರಿಯಲ್ಲಿ ಬರೆದುಕೊಂಡೆ. ಹತ್ತು ಗಂಟೆಗೆ ಪಾತ್ರೆಯ ನೀರು ಕುದಿಯಿತು, ಒಲೆಯ ಬಾಯಿಯಲ್ಲಿ ಅಂಗೈಯಷ್ಟು ಉರಿ ಶುಭ್ರವಾಗಿ ನಿಂತಿತು. ಅತಿಥಿಗಳು ಆ ಗಳಿಗೆಯಲ್ಲಿ ಬಂದಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು.

ಹತ್ತು ಇಪ್ಪತ್ತಕ್ಕೆ ಹಳಿಯಾಳದ ಕಡೆಯಿಂದ ಬಿಳಿ ಕಾರು ಬಂತು. ನಿರ್ದೇಶಕರು ಗಂಧದ ಹಾರ ಹಿಡಿದು ಗೇಟಿನಲ್ಲಿ ಮುಂದೆ ಬಂದರು; ಹಿಂದೆ ವಿದ್ಯಾರ್ಥಿನಿಯರು ಆರತಿಯ ತಟ್ಟೆ ಎತ್ತಿದರು. ಕಾರು ವೇಗ ಕಡಿಮೆ ಮಾಡಿತು. ಹಿಂದಿನ ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಎಲ್ಲರಿಗೂ ಬೀಸಿತು. ಆಮೇಲೆ ಕಾರು ಮತ್ತೆ ವೇಗ ಹೆಚ್ಚಿಸಿಕೊಂಡು ದಾಂಡೇಲಿಯ ಕಡೆ ಹೋಯಿತು. ಹಾರ ಅಷ್ಟೇ ಎತ್ತರದಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು.

ಫೋನು ಮಾಡಿದಾಗ ತಿಳಿಯಿತು: ಇಷ್ಟು ದೂರ ಬಂದಮೇಲೆ ಮೊದಲು ಉಳವಿಗೆ ಹೋಗಿ ದರ್ಶನ ಮಾಡಿಕೊಂಡು, ಆಮೇಲೆ ಪ್ರದರ್ಶನ ಎಂದು ಕಾರಿನಲ್ಲೇ ತೀರ್ಮಾನವಾಗಿತ್ತು. ಉಳವಿ ಇಲ್ಲೇ ಹತ್ತಿರ ಎಂದು ಯಾರೋ ಅವರಿಗೆ ಹೇಳಿದ್ದರು. ಉಳವಿ ಹತ್ತಿರ ಎನ್ನುವವರು ನಕಾಶೆಯಲ್ಲಿ ನೋಡಿದವರು. ಜೋಯಿಡಾದ ಕಾಡು ಹೊಕ್ಕಮೇಲೆ ರಸ್ತೆ ತನ್ನ ಇಷ್ಟದಂತೆ ಹೋಗುತ್ತದೆ, ಫೋನು ಸತ್ತಿರುತ್ತದೆ. ನಿರ್ದೇಶಕರು ಮೈಕಿನಲ್ಲಿ, ಅತಿಥಿಗಳು ಇನ್ನು ಹತ್ತೇ ನಿಮಿಷದಲ್ಲಿ ನಮ್ಮೊಡನಿರುತ್ತಾರೆ ಎಂದು ಪ್ರಕಟಿಸಿದರು. ಆ ಹತ್ತು ನಿಮಿಷ ಅಲ್ಲಿಂದ ಮಧ್ಯಾಹ್ನದವರೆಗೆ ಬದಲಾಗಲಿಲ್ಲ.

ನಾನು ಈ ನಡುವೆ ಉಳಿದ ಮಳಿಗೆಗಳನ್ನು ನೋಡಿ ಬಂದೆ. ಅಂಬಿಕಾನಗರದ ಕಾಲೊನಿಯ ಹುಡುಗನೊಬ್ಬ ಇಡೀ ಕಾಳಿ ನದಿಯನ್ನು ಅಣೆಕಟ್ಟುಗಳ ಸಮೇತ ಥರ್ಮೋಕೋಲಿನಲ್ಲಿ ಕೆತ್ತಿ, ನೀಲಿ ಬಣ್ಣ ಬಳಿದು, ಸುಸ್ಥಿರತೆಯನ್ನು ವಿವರಿಸುತ್ತಿದ್ದ. ಜೋಯಿಡಾದ ಹುಡುಗಿಯರಿಬ್ಬರು ತಮ್ಮ ಹಿತ್ತಿಲಿನ ಗೆಡ್ಡೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಒಂದೊಂದೂ ಮಗುವಿನಷ್ಟು ತೂಕ. ಸೈಕಲ್ಲು ತುಳಿದು ಚಟ್ನಿ ರುಬ್ಬುವ ಯಂತ್ರವಿತ್ತು. ಅದನ್ನು ತುಳಿದು ತೋರಿಸಿದ ಹುಡುಗನಿಗೆ ಗ್ಲೂಕೋಸ್ ಕುಡಿಸುತ್ತಿದ್ದರು. ನಾನು ಎಲ್ಲದಕ್ಕೂ ತಲೆಯಾಡಿಸಿ, ಅರ್ಧ ಗಂಟೆಗೊಮ್ಮೆ ಹುಣಸೆ ಮರದ ಕೆಳಗೆ ಬಂದು ಡೈರಿ ತೆಗೆಯುತ್ತಿದ್ದೆ.

ಅಲ್ಲಿ ಗುಂಪು ಸೇರಿತ್ತು. ಹೊರಗಿನ ಮಂದಿಗಿಂತ ದಿನದ ಗಿರಾಕಿಗಳೇ ಹೆಚ್ಚು.

"ಖಾಲಾ, ಒಂದ ಅರ್ಧ ಕಪ್ ಕೊಡ್ರಿ. ಅಲ್ಲಿ ಬಂದವರಿಗೆ ಕೊಡೂದು ಚಾನ ಅಲ್ಲ."

"ಇವತ್ತ ನಾ ಪ್ರದರ್ಶನ ಅದೇನಿ. ಗೆರಿ ದಾಟಬ್ಯಾಡ."

"ಬರೇ ನೀರ ಯಾಕ ಕಾಸಾಕತ್ತೀರಿ?"

"ಅದನ್ನ ಆ ಹಾಳ್ಯಾಗ ಬರದಾರ ನೋಡು, ಓದಕೋ. ಕಲ್ತಾಂವ ಅದೀಯಲ್ಲ."

ಹನ್ನೆರಡೂವರೆಗೆ ಆಕೆ ಡಬ್ಬಿಯ ಹೊರಮೈಗೆ ಅಂಗೈ ಹತ್ತಿರ ತಂದು, ಮೇಲಿಂದ ಕೆಳಗೆ ಇಳಿಸುತ್ತ ಬಂದಳು. ಎಲ್ಲಿ ಎಷ್ಟು ಬಿಸಿ ಎಂಬುದರ ಮೇಲೆ ಒಳಗೆ ಎಷ್ಟು ಹೊಟ್ಟು ಉಳಿದಿದೆ ಎಂದು ತಿಳಿಯುತ್ತದೆ. "ಇನ್ನ ಒಂದೂವರಿ ತಾಸು," ಎಂದಳು. ನನ್ನ ಡೈರಿಯ ಲೆಕ್ಕವೂ ಅಷ್ಟೇ ಬರುತ್ತಿತ್ತು. ಆಕೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

"ರಿಲೀವರ್ ಹಾಕಬೇಕ್ರಿ," ಎಂದಳು. ಒಂದು ಪಾಳಿಯವನು ಎದ್ದು ಹೋಗುವ ಮುಂಚೆ ಇನ್ನೊಂದು ಪಾಳಿಯವನು ಬಂದು ಯಂತ್ರದ ಹತ್ತಿರ ನಿಲ್ಲುವುದು ಕಾರ್ಖಾನೆಯ ಪದ್ಧತಿ; ಹಾಗೆ ಬಂದು ನಿಲ್ಲುವವನೇ ರಿಲೀವರ್. ವಿದ್ಯಾರ್ಥಿಯೊಬ್ಬ ಬೈಕಿನಲ್ಲಿ ಹೋಗಿ ಆಕೆಯ ಮನೆಯಿಂದ ಇನ್ನೊಂದು ಡಬ್ಬಿ, ಒಂದು ಚೀಲ ಹೊಟ್ಟು ತಂದ. ಆಕೆ ನೆಲದ ಮೇಲೆ ಕೂತು, ಸೀರೆಯ ಸೆರಗು ಸಿಕ್ಕಿಸಿ, ಕೋಲು ನಿಲ್ಲಿಸಿ ಗುದ್ದಿ ಗುದ್ದಿ ತುಂಬಿದಳು. ಒಂದು ಗಂಟೆಗೆ ಎರಡನೆಯ ಒಲೆ ಸಿದ್ಧವಾಯಿತು. ಹಚ್ಚುವುದೊಂದು ಬಾಕಿ.

ಒಂದೂ ಕಾಲಿಗೆ ಫೋನು ಬಂತು. ಅತಿಥಿಗಳು ಪ್ರಸಾದ ಮುಗಿಸಿಕೊಂಡು ಹೊರಟಿದ್ದಾರೆ ಎಂದಷ್ಟೇ ಕೇಳಿ ಕಡಿದುಹೋಯಿತು. ನಾನು ನಿರ್ದೇಶಕರ ಹತ್ತಿರ ಹೋಗಿ, ಉಳವಿಯಿಂದ ಇಲ್ಲಿಗೆ ಕಡಿಮೆಯೆಂದರೂ ಒಂದೂವರೆ ತಾಸು, ಈಗಲೇ ಎರಡನೆಯ ಒಲೆ ಹಚ್ಚಿದರೆ ಒಂದೂವರೆಯೊಳಗೆ ಹೊಗೆ ನಿಂತು ಐದೂವರೆಯವರೆಗೆ ಚಿಂತೆಯಿಲ್ಲ ಎಂದು ವಿವರಿಸಿದೆ.

"ಅಷ್ಟರೊಳಗ ಬಂದ್ರ?" ಎಂದರು ನಿರ್ದೇಶಕರು.

"ಬರೂದಿಲ್ಲ ಸರ್. ಉಳವಿ ರಸ್ತೆ ಹಂಗ ಅದ."

"ಧೂಮರಹಿತ ಆವರಣ ಅಂತ ಗೇಟಿನ ಮ್ಯಾಲ ಬರಸೇವಿ. ಗೇಟಿನಾಗನ ಹೊಗಿ ಎದ್ದಾಗ ಅವರು ಇಳದ್ರ ಯಾರ ಜವಾಬ್ದಾರಿ? ನೀವು ತಗೋತೀರೇನು?"

ನನಗೆ ತೆಗೆದುಕೊಳ್ಳುವ ಮನಸ್ಸಿತ್ತು. ಆದರೆ ಅಂದು ಬೆಳಿಗ್ಗೆ ನಾನು ಕೊಟ್ಟ ಒಂದು ಸಮಯ ಆಗಲೇ ತಪ್ಪಿತ್ತು. ಇನ್ನೊಂದನ್ನು ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಗೇಟಿನ ಹೊರಗೆ ಹಚ್ಚಿ ಒಳಗೆ ತರೋಣವೆಂದರೆ ಎತ್ತಿದ ಕೂಡಲೇ ಹೊಟ್ಟು ಕುಸಿಯುತ್ತದೆ. ಎರಡನೆಯ ಒಲೆ ಹಾಗೇ ಕೂತಿತು.

ಎರಡು ಗಂಟೆ ಐದು ನಿಮಿಷಕ್ಕೆ ಮೊದಲನೆಯದು ಕುಸಿಯಿತು. ಒಳಗೆ ಮೆತ್ತಗಿನ ಸದ್ದಾಗಿ, ಬಿಳಿ ಹೊಗೆ ಹುಣಸೆಯ ಕೊಂಬೆಗಳ ನಡುವೆ ನೆಟ್ಟಗೆ ಏರಿತು. ನಿರ್ದೇಶಕರು ಓಡಿ ಬಂದರು. ಅವರ ಸೂಚನೆಯಂತೆ ಹತ್ತು ಹನ್ನೆರಡು ವಿದ್ಯಾರ್ಥಿಗಳು ಪಕ್ಕದ ಮಳಿಗೆಗಳ ರಟ್ಟಿನ ಫಲಕಗಳನ್ನು ಬಿಚ್ಚಿಕೊಂಡು ಬಂದು ಹೊಗೆಯನ್ನು ಕಾಂಪೌಂಡಿನ ಆಚೆಗೆ ಬೀಸತೊಡಗಿದರು. ವಾಯುಮಾಲಿನ್ಯ ತಡೆಗಟ್ಟುವ ಉಪಾಯಗಳ ಫಲಕ ಎಲ್ಲಕ್ಕಿಂತ ದೊಡ್ಡದಿತ್ತು. ಅದರಿಂದ ಒಳ್ಳೆಯ ಗಾಳಿ ಬಂತು. ಎರಡು ಹನ್ನೆರಡಕ್ಕೆ ಹೊಗೆ ನಿಂತಿತು. ನಾನು ಅದನ್ನೂ ಬರೆದುಕೊಂಡೆ. ಖಾಲಾ ಪಾತ್ರೆ ಇಳಿಸಲಿಲ್ಲ. ಬೂದಿಯ ಮೇಲೆ ಅದು ಹಾಗೇ ಇತ್ತು.

ಅತಿಥಿಗಳು ಮೂರು ಹತ್ತಕ್ಕೆ ಬಂದರು. ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಪ್ರಸಾದದ ತೃಪ್ತಿ. ಹಾರ, ಆರತಿ, ಸಸಿಗೆ ನೀರು ಎಲ್ಲ ಆದಮೇಲೆ ಮಳಿಗೆಗಳನ್ನು ನೋಡುತ್ತ ಹದಿನೇಳನೆಯದಕ್ಕೆ ತಲುಪಿದಾಗ ಮೂರು ಇಪ್ಪತ್ತೆರಡು. ಅವರು ಹಾಳೆಯ ತಲೆಬರಹ ಓದಿದರು. ಡಬ್ಬಿಯ ಕಡೆ ಬಗ್ಗಿ ನೋಡಿದರು.

"ಹೊಗೆ?" ಎಂದು ಕೇಳಿದರು.

"ಇಲ್ಲ ಸರ್," ಎಂದರು ನಿರ್ದೇಶಕರು. ಇದಕ್ಕಿಂತ ಸತ್ಯವಾದ ಮಾತು ಅಂದು ಆ ಆವರಣದಲ್ಲಿ ಯಾರೂ ಆಡಿರಲಿಲ್ಲ.

"ಬಹಳ ಒಳ್ಳೆಯದು." ಅವರು ಖಾಲಾಳ ಕಡೆ ತಿರುಗಿದರು. "ಎಷ್ಟು ವರ್ಷ ಆಯ್ತಮ್ಮ, ಈ ಸಂಶೋಧನೆ ಶುರು ಮಾಡಿ?"

"ಮದಿವಿ ಆದಾಗಿಂದ್ರಿ."

ಅತಿಥಿಗಳು ಮೆಚ್ಚುಗೆಯಿಂದ ತಲೆದೂಗಿ, ಫೋಟೋಕ್ಕೆ ನಿಂತು, ತೀರ್ಪಿನ ಹಾಳೆಗೆ ಸಹಿ ಹಾಕಿ ಕಾಳಿ ನದಿಯ ಕಡೆ ನಡೆದರು.

ಆ ಹಾಳೆ ನನ್ನ ಕೈಗೆ ಬಂತು. 'ಪರಿಶೀಲನೆಯ ವೇಳೆ ಹೊಗೆ: ಇದೆ / ಇಲ್ಲ' ಎಂದು ಅಚ್ಚಾಗಿತ್ತು. ಅತಿಥಿಗಳೂ ನಿರ್ದೇಶಕರೂ 'ಇಲ್ಲ' ಎಂಬುದಕ್ಕೆ ಗುರುತು ಹಾಕಿದ್ದರು. ನಾನೂ ಹಾಕಿದರೆ ಖಾಲಾಳ ಜಾಗ ಖಾಯಂ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನು ನಾನು ಎಂದೂ ಬರೆದವನಲ್ಲ. ಮೂರು ಇಪ್ಪತ್ತೆರಡಕ್ಕೆ ನನ್ನ ಕಣ್ಣಿಗೆ ಹೊಗೆ ಕಂಡಿರಲಿಲ್ಲ. ಪೆನ್ನು ತೆಗೆದೆ. ಬೆಳಗಿನ ತಪ್ಪು ಇಷ್ಟು ಸುಲಭವಾಗಿ ತೀರುತ್ತದೆಯಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ.

"ಏನ ಬರ್ಯಾಕತ್ತೀರಿ?" ಖಾಲಾ ಹತ್ತಿರ ಬಂದಿದ್ದಳು.

"ಹೊಗಿ ಇಲ್ಲ ಅಂತ."

"ಬ್ಯಾಡ್ರಿ."

"ಯಾಕ? ಅವರಿಬ್ಬರೂ ಹಂಗ ಬರದಾರ. ನಾ ಬರದ್ರ ಮುಗೀತು, ನಿಮ್ಮ ಜಾಗಾ ನಿಮಗ."

"ಸೋಮವಾರ ನಾ ಒಲಿ ಹಚ್ಚತೇನ್ರಿ. ಹೊಗಿ ಬರತೈತಿ. ಆಗ ಯಾರರೆ ಬಂದು, ಇಲ್ಲ ಅಂತ ಬರದೈತಿ, ಇದೇನು ಅಂದ್ರ ಏನ ಹೇಳ್ಲಿ? ಹತ್ತ ನಿಮಿಷ ಇರತೈತಿ ಅಂತ ಇದ್ದಂಗ ಬರೀರಿ. ಬರದ್ರ ಅದು ಕಾಯ್ದೆ ಆಗತೈತಿ."

"ಬರದ್ರ ಇವತ್ತ ಜಾಗಾ ಹೋದರೂ ಹೋಗಬಹುದು ಖಾಲಾ."

"ಹೋಗೂದಿದ್ರ ಇವತ್ತ ಹೋಗ್ಲಿ. ದಿನಾ ಮುಂಜಾನೆ ಗೇಟಿನ ಕಡೆ ನೋಡಕೋತ, ಅಂಜಕೋತ ಒಲಿ ಹಚ್ಚೂದು ನನ್ನ ಕಡೆ ಆಗೂದಿಲ್ರಿ." ನನ್ನ ಜೇಬಿನ ಕಡೆ ಕೈ ಮಾಡಿ, "ನಿಮ್ಮ ಡೈರಿಯಾಗ ಬರಕೊಂಡೀರಲ್ಲ, ಅದನ್ನ ಬರೀರಿ," ಎಂದಳು.

ನಾನು ಬರೆದೆ. ಷರಾ ಎಂಬಲ್ಲಿ ಜಾಗ ಸಾಲದೆ ಹಾಳೆಯ ಬೆನ್ನಿಗೆ ಹೋಗಬೇಕಾಯಿತು. 9-40ಕ್ಕೆ ಹಚ್ಚಲಾಯಿತು. 9-52ರವರೆಗೆ ಹೊಗೆ. 9-52ರಿಂದ 2-05ರವರೆಗೆ ಇಲ್ಲ. 2-05ರಿಂದ 2-12ರವರೆಗೆ ಹೊಗೆ. ಪರಿಶೀಲನೆಯ ವೇಳೆ ಒಲೆ ಆರಿತ್ತು. ಕೆಳಗೆ ಸಹಿ, ಸಮಯ. ನಿರ್ದೇಶಕರು ಅದನ್ನು ಓದಿ, ನನ್ನನ್ನು ಒಮ್ಮೆ ನೋಡಿ, ಮತ್ತೆ ಓದಿದರು. ಆರಿತ್ತು ಎಂಬ ಮಾತನ್ನು ಬಿಡಬಹುದಿತ್ತಲ್ಲ ಎಂದರು. ಬಿಡಬಹುದಿತ್ತು ಎಂದು ಒಪ್ಪಿಕೊಂಡೆ. ಮೇಡಂ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ಎರಡೂ ಬದಿ ಝೆರಾಕ್ಸ್ ಮಾಡಿಸಿ ಕಡತಕ್ಕೆ ಹಚ್ಚಿದರು. ಬಹುಮಾನ ಥರ್ಮೋಕೋಲಿನ ಕಾಳಿಗೆ ಹೋಯಿತು.

ಸಮಿತಿ ಮತ್ತೆ ಸೇರುವವರೆಗೆ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ಖಾಲಾ ಬರಲಿಲ್ಲ. ತೀರ್ಮಾನವಾಗುವ ತನಕ ಹಚ್ಚುವುದಿಲ್ಲ ಎಂದು ಆಕೆಯೇ ಹೇಳಿ ಕಳಿಸಿದ್ದಳು. ಹುಣಸೆ ಮರದ ಕೆಳಗೆ ಸುಣ್ಣದ ಗೆರೆ ಮಾತ್ರ ಇತ್ತು. ನಾನು ಬೆಳಗಿನ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಸಭೆಯಲ್ಲಿ ಮೇಡಂ ಝೆರಾಕ್ಸ್ ಪ್ರತಿಯನ್ನು ಎಲ್ಲರಿಗೂ ಹಂಚಿ, ನಾಲ್ಕು ತಾಸು ಹೊಗೆಯಿಲ್ಲದೆ ಉರಿಯುವ ಒಲೆಗೆ ಹನ್ನೆರಡು ನಿಮಿಷ ಕೊಡುವುದು ಹೆಚ್ಚಲ್ಲ ಎಂದು ವಾದಿಸಿದರು. ಹೊಗೆ ಇದೆ ಎಂದು ಸಮಿತಿಯ ಸದಸ್ಯರೇ ಬರೆದುಕೊಟ್ಟಿರುವಾಗ ಹೇಗೆ ಎಂದು ಒಬ್ಬರು ಕೇಳಿದರು. ಎಷ್ಟು ಹೊತ್ತು ಇದೆ ಎಂದೂ ಬರೆದಿದ್ದಾರಲ್ಲ, ಅಷ್ಟೇ ಹೊತ್ತಿಗೆ ಅನುಮತಿ ಕೊಡೋಣ ಎಂದರು ಮೇಡಂ. ಕಚೇರಿ ತೆರೆಯುವ ಮುಂಚೆ ಆದರೆ ತಮ್ಮ ಅಭ್ಯಂತರವಿಲ್ಲ ಎಂದು ನಿರ್ದೇಶಕರು ಕೊನೆಗೆ ಒಪ್ಪಿದರು. ಬೆಳಿಗ್ಗೆ ಏಳೂವರೆಯಿಂದ ಏಳೂ ಮುಕ್ಕಾಲಿನವರೆಗೆ ಹದಿನೇಳನೆಯ ಮಳಿಗೆಯಲ್ಲಿ ಹೊಗೆ ಏಳಬಹುದು ಎಂದು ಠರಾವು ತಿದ್ದುಪಡಿಯಾಯಿತು. ಈ ಸಲ ನಾನು ಮೊದಲಿನಿಂದ ಕೊನೆಯವರೆಗೆ ಓದಿ, ಅರ್ಥ ಮಾಡಿಕೊಂಡು, ಸಹಿ ಮಾಡಿದೆ. ಸಹಿ ಮಾಡಿ ಮನೆಗೆ ಹೋಗುವಾಗ ದಾರಿಯಲ್ಲಿ ನೆನಪಾಯಿತು: ಕೊನೆಯ ಏಳು ನಿಮಿಷದ ಹೊಗೆಯ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ.

ಮರುದಿನ ಖಾಲಾ ಬಂದಳು. ಠರಾವನ್ನು ನನ್ನಿಂದ ಎರಡು ಸಲ ಓದಿಸಿದಳು.

"ಕಡೀ ಹೊಗಿದು?"

"ಮರತಾರ. ನಾನೂ ಮರತೆ."

"ಮತ್ತ ಬರಸಾಕ ಆಗತೈತೇನ್ರಿ?"

"ಮುಂದಿನ ಮೀಟಿಂಗ್ ಯಾವಾಗೋ ಏನೋ. ಕೇಳಿದ್ರ ಇದ್ದದ್ದೂ ಹೋದೀತು."

ಆಕೆ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟಳು.

"ಸಮಿತಿಯವರು ನಿಂತು ಪರೀಕ್ಷಾ ಮಾಡೂ ಮುಂದ ಹೊಗಿ ಬಂದ್ರ ಅದು ತಪ್ಪೇನ್ರಿ?"

"ಪರೀಕ್ಷಾ ಅಂದಮ್ಯಾಲ ತಪ್ಪ ಹೆಂಗ ಆಗತೈತಿ."

"ಹಂಗಾರ ದಿನಾ ಹನ್ನೆರಡಕ್ಕ ಬಂದು ನಿಂದರ್ರಿ. ಚಾ ಇಟ್ಟಿರತೇನಿ."

ಈಗ ದಿನಾ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹುಣಸೆ ಮರದ ಕೆಳಗೆ ಹೋಗಿ, ಡೈರಿ ಬಿಚ್ಚಿಕೊಂಡು ನಿಲ್ಲುತ್ತೇನೆ. ಒಳಗೆ ಹೊಟ್ಟು ಕುಸಿಯುವ ಸದ್ದಾಗುತ್ತದೆ, ಹೊಗೆ ಏಳುತ್ತದೆ. ಖಾಲಾ ಲೋಟ ತೊಳೆಯುತ್ತಿರುತ್ತಾಳೆ. ನಿರ್ದೇಶಕರು ಒಮ್ಮೆ ಕಿಟಕಿಯಿಂದ ನೋಡಿ, ಏನು ನಡೆದಿದೆ ಎಂದು ಕಾವಲುಗಾರನನ್ನು ಕಳಿಸಿ ಕೇಳಿಸಿದರು. ಪರಿಶೀಲನೆ ಎಂದು ಹೇಳಿ ಕಳಿಸಿದೆ. ಮತ್ತೆ ಯಾರೂ ಬಂದಿಲ್ಲ. ಮಳೆ ಹಿಡಿದ ಮೇಲೆ ಹೊಟ್ಟು ಹಸಿಯಾಗಿ, ಏಳು ನಿಮಿಷದ ಕೆಲಸಕ್ಕೆ ಒಂಬತ್ತು ನಿಮಿಷ ಬೇಕಾಗುತ್ತಿದೆ.